ಕಿರಿಯರ ಅಂಗಳ: ಓಡುವ ಹುಡುಗನಿಗೆ ಯಾವ ಕಾಲೇಜು?



ಪ್ಲಸ್ ಟೂ ಫಲಿತಾಂಶ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ನಿಮಗೆ ಹೊಸದಲ್ಲ. ಅಪ್ಪನಿಗೆ ಬಿ.ಕಾಂ. ಮತ್ತು ಬ್ಯಾಂಕು, ಅಮ್ಮನಿಗೆ ಎಂಜಿನಿಯರಿಂಗ್, ಊರಿನಿಂದ ಫೋನು ಮಾಡುವ ದೊಡ್ಡಪ್ಪನಿಗೆ ಸಿ.ಎ. ಇವರೆಲ್ಲರ ನಡುವೆ, ಮೂರು ವರ್ಷಗಳಿಂದ ಶಾಲಾ ಕ್ರೀಡಾಕೂಟದಲ್ಲಿ ಪದಕ ತರುತ್ತಿರುವ ಹುಡುಗನೊಬ್ಬ, "ನನಗೆ ಓಡಬೇಕು" ಎಂದು ಹೇಳಲು ಧೈರ್ಯ ಸಾಲದೆ, ಮೂಲೆಯಲ್ಲಿ ಕುಳಿತು ಸ್ಪೈಕ್ಸ್‌ಗೆ ಅಂಟಿದ ಮಣ್ಣು ಕೆರೆಯುತ್ತಿರುತ್ತಾನೆ. ಈ ತಿಂಗಳ ಅಂಕಣ ಅವನಿಗೆ. ಹುಡುಗಿಯರು ಮುನಿಸಿಕೊಳ್ಳಬಾರದು. ಚಂಗನಾಶ್ಶೇರಿಯ ಅಸಂಪ್ಷನ್, ಪಾಲಾದ ಅಲ್ಫೋನ್ಸಾ ಎಂದು ನಿಮ್ಮ ಕಾಲೇಜುಗಳ ಪಟ್ಟಿಯೇ ಬೇರೆ. ಅದಕ್ಕೆ ಇನ್ನೊಂದು ಸಂಚಿಕೆ ಬೇಕು.

ಎಲ್ಲರೂ ಕಾಲೇಜಿನ ಹೆಸರಿನಿಂದ ಆರಂಭಿಸುತ್ತಾರೆ. ನೀವು ತರಬೇತುದಾರರಿಂದ ಆರಂಭಿಸಿ. ಇದು ನನ್ನ ಹಟವಲ್ಲ. ಪಾಲಕ್ಕಾಡಿನ ಮುರಳಿ ಶ್ರೀಶಂಕರ್ ಅವರ ಕಥೆ ನೋಡಿ. ಪ್ಲಸ್ ಟೂ ಮುಗಿದಾಗ ಕ್ರೀಡಾ ಕೋಟಾದಲ್ಲಿ ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಅವರಲ್ಲಿತ್ತು. ನಮ್ಮ ಮನೆಗಳಲ್ಲಾಗಿದ್ದರೆ ಅಂದೇ ಸತ್ಯನಾರಾಯಣ ಪೂಜೆ! ಅವರು ಅದನ್ನು ಬಿಟ್ಟರು. ಊರಿನಲ್ಲೇ ಎನ್.ಎಸ್.ಎಸ್. ಎಂಜಿನಿಯರಿಂಗ್ ಕಾಲೇಜು ಸೇರಿದರು, ಅದನ್ನೂ ಬಿಟ್ಟರು. ಕೊನೆಗೆ ನೆಲೆ ನಿಂತದ್ದು ಪಾಲಕ್ಕಾಡಿನ ಸರ್ಕಾರಿ ವಿಕ್ಟೋರಿಯಾ ಕಾಲೇಜಿನ ಬಿ.ಎಸ್‌ಸಿ. ಗಣಿತದಲ್ಲಿ. ಕಾರಣ ಸರಳ. ಅವರ ತರಬೇತುದಾರರು ಸ್ವತಃ ತಂದೆ ಎಸ್. ಮುರಳಿ, ಹಿಂದಿನ ಕಾಲದ ತ್ರಿವಿಧ ಜಿಗಿತಗಾರರು. ತಾಯಿ ಬಿಜಿಮೋಳ್ 800 ಮೀಟರ್ ಓಡಿದವರು. ಮನೆ, ಮೈದಾನ, ತರಬೇತುದಾರ, ಕಾಲೇಜು ಎಲ್ಲವೂ ಒಂದೇ ಊರಿನಲ್ಲಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 8.08 ಮೀಟರ್ ಜಿಗಿದು ಬೆಳ್ಳಿ ಪಡೆದರು. 2023ರಲ್ಲಿ ಭುವನೇಶ್ವರದಲ್ಲಿ 8.41 ಮೀಟರ್ ಹಾರಿದರು. ಅವರು ಕಾಲೇಜನ್ನು ಹುಡುಕಿಕೊಂಡು ತರಬೇತುದಾರರನ್ನು ಬಿಡಲಿಲ್ಲ. ತರಬೇತುದಾರರ ಹತ್ತಿರ ಇದ್ದ ಕಾಲೇಜನ್ನು ಹಿಡಿದರು.

"ಅವರ ಅಪ್ಪ ಜಿಗಿತಗಾರ, ನನ್ನಪ್ಪ?" ಎಂದು ನೀವು ಕೇಳಬಹುದು. ನಿಜ, ನಮ್ಮ ಅಪ್ಪಂದಿರಲ್ಲಿ ಹೆಚ್ಚಿನವರು ಬಸ್ಸು ಹಿಡಿಯಲು ಮಾತ್ರ ಓಡಿದವರು. ಹಾಗಾದರೆ ತರಬೇತುದಾರರು ಇರುವಲ್ಲಿಗೆ ನೀವು ಹೋಗಬೇಕು. ಎರ್ನಾಕುಲಂ ಜಿಲ್ಲೆಯಲ್ಲಿರುವ ನಮಗೆ ಇದು ದೂರದ ಮಾತಲ್ಲ. ಮುನ್ನಾರ್ ದಾರಿಯಲ್ಲಿ ಕೋತಮಂಗಲಂ ಇದೆಯಲ್ಲ, ಅಲ್ಲಿ 1955ರಲ್ಲಿ ಆರಂಭವಾದ ಮಾರ್ ಅಥನೇಷಿಯಸ್ ಕಾಲೇಜು ಇದೆ. ಎಂ.ಎ. ಕಾಲೇಜು ಎಂದರೆ ಯಾವ ಆಟೋದವನೂ ತೋರಿಸುತ್ತಾನೆ. ಅದೇ ಊರಿನ ಸೇಂಟ್ ಜಾರ್ಜ್ ಮತ್ತು ಮಾರ್ ಬೇಸಿಲ್ ಶಾಲೆಗಳು ರಾಜ್ಯ ಶಾಲಾ ಕ್ರೀಡಾಕೂಟದಲ್ಲಿ ಒಂದನ್ನೊಂದು ಹಿಂದೆ ಹಾಕಲು ವರ್ಷಗಟ್ಟಲೆ ಪೈಪೋಟಿ ನಡೆಸಿದ್ದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬಹುದು. ಕೋಲಂಚೇರಿ ಕಡೆಯ ಎಲ್ದೋಸ್ ಪೌಲ್ ಓದಿದ್ದು ಈ ಕಾಲೇಜಿನಲ್ಲಿ. ಅಲ್ಲಿ ಅವರನ್ನು ತಿದ್ದಿದವರು ಟಿ.ಪಿ. ಔಸೇಫ್, ಅಂಜು ಬಾಬಿ ಜಾರ್ಜ್ ಅವರಿಗೂ ಆರಂಭದ ದಿನಗಳಲ್ಲಿ ಪಾಠ ಹೇಳಿದ, 2021ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಹಿರಿಯರು. ಬರ್ಮಿಂಗ್‌ಹ್ಯಾಮ್‌ನಲ್ಲಿ ತ್ರಿವಿಧ ಜಿಗಿತದ ಚಿನ್ನ ಎಲ್ದೋಸ್ ಅವರದು, 17.03 ಮೀಟರ್. ಬೆಳ್ಳಿ ಕೇರಳದವರೇ ಆದ ಅಬ್ದುಲ್ಲಾ ಅಬೂಬಕ್ಕರ್ ಅವರದು, 17.02. ಒಂದೇ ಒಂದು ಸೆಂಟಿಮೀಟರ್!

ಆದರೆ ಇಂಥ ಕಾಲೇಜಿಗೆ ಸೇರುವ ಮೊದಲು ಒಂದು ಲೆಕ್ಕ ಹಾಕಿ. ಅಂತರಕಾಲೇಜು ಕೂಟದಲ್ಲಿ ಒಂದು ಸ್ಪರ್ಧೆಗೆ ಒಂದು ಕಾಲೇಜಿನಿಂದ ಇಂತಿಷ್ಟೇ ಮಂದಿ ಎಂದಿರುತ್ತದೆ. ನಿಮ್ಮ ಸ್ಪರ್ಧೆಯಲ್ಲಿ ಅಲ್ಲಿ ಆಗಲೇ ನಾಲ್ವರು ನಿಮಗಿಂತ ಮುಂದಿದ್ದರೆ, ಮೊದಲ ಎರಡು ವರ್ಷ ನೀವು ಚೀಲ ಕಾಯುವವರಾಗಬಹುದು. ಕೆಲವು ಹುಡುಗರು ಅಂಥ ಕಡೆಯೇ ಬೆಳೆಯುತ್ತಾರೆ, ಅಭ್ಯಾಸದಲ್ಲಿ ದಿನವೂ ತಮಗಿಂತ ವೇಗದವನ ಬೆನ್ನು ನೋಡುತ್ತಾ ಓಡುವುದರಿಂದ. ಕೆಲವರು ಬಾಡಿಹೋಗುತ್ತಾರೆ. ನೀವು ಯಾವ ಜಾತಿಯವರೆಂದು ನಿಮಗೇ ಗೊತ್ತು.

ಈಗ ಸ್ಪರ್ಧೆಯ ವಿಷಯ. ಇದನ್ನು ಯಾರೂ ಹುಡುಗರಿಗೆ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಉದ್ದ ಮಾಡುತ್ತೇನೆ. 18 ವರ್ಷದೊಳಗಿನವರು ಎಸೆಯುವ ಗುಂಡು 5 ಕಿಲೋ. 20ರೊಳಗಿನವರದು 6 ಕಿಲೋ. ಪುರುಷರದು 7.26 ಕಿಲೋ. ಚಕ್ರ ಎಸೆತದಲ್ಲಿ ಒಂದೂವರೆ ಕಿಲೋ ಒಂದೂಮುಕ್ಕಾಲು ಆಗಿ, ಮತ್ತೆ ಎರಡು ಕಿಲೋ ಆಗುತ್ತದೆ. ಜಾವೆಲಿನ್ 700 ಗ್ರಾಂನಿಂದ 800ಕ್ಕೆ ಏರುತ್ತದೆ. 110 ಮೀಟರ್ ಹರ್ಡಲ್ಸ್‌ನ ಎತ್ತರ 91.4 ಸೆಂಟಿಮೀಟರಿನಿಂದ 99.1, ಅಲ್ಲಿಂದ 106.7. ವಿಶ್ವವಿದ್ಯಾಲಯದ ಕೂಟದಲ್ಲಿ ನೀವು ಪುರುಷರು. ಹದಿನೆಂಟರ ಹುಡುಗ ಇಪ್ಪತ್ತನಾಲ್ಕರ ಗಂಡಸಿನ ಜೊತೆ ಒಂದೇ ವೃತ್ತದಲ್ಲಿ ನಿಲ್ಲಬೇಕು. ಶಾಲೆಯಲ್ಲಿ ರಾಜ್ಯಕ್ಕೆ ಮೊದಲು ಬಂದವನು ಕಾಲೇಜಿನ ಮೊದಲ ವರ್ಷ ಕಾಣೆಯಾಗುವುದು ಸೋಮಾರಿತನದಿಂದಲೇ ಅಲ್ಲ, ಬಹಳಷ್ಟು ಸಲ ಈ ತೂಕದಿಂದ. 400 ಮೀಟರ್ ಓಡುವವನಿಗೆ ಈ ತೊಂದರೆಯಿಲ್ಲ; ಅವನಿಗೆ 400 ಎಂದೂ 400.

ನಮ್ಮ ಸಂಘದವನೇ ಒಬ್ಬ ಹುಡುಗ, ಹೆಸರು ಬೇಡ, ಗುಂಡು ಎಸೆಯುವವನು. ಹೆಸರಾಂತ ಕಾಲೇಜೊಂದಕ್ಕೆ ಸೇರಿದ. ಗೋಡೆಯ ತುಂಬ ಟ್ರೋಫಿ, ಎಲ್ಲವೂ ಓಟದವು. ತರಬೇತುದಾರರು ಒಳ್ಳೆಯವರು, ಆದರೆ ಅವರು ರಿಲೇ ತಂಡ ಕಟ್ಟುವವರು. ಇವನು ಮೈದಾನದ ಮೂಲೆಯಲ್ಲಿ ಒಬ್ಬನೇ ಎಸೆದು, ಒಬ್ಬನೇ ಹೋಗಿ ಹೆಕ್ಕಿ ತಂದು, ಮತ್ತೆ ಎಸೆಯುತ್ತಿದ್ದ. ಭಾರ ಎತ್ತುವುದನ್ನು ಸರಿಯಾಗಿ ಕಲಿಸುವವರಿಲ್ಲದೆ ಎರಡನೆಯ ವರ್ಷ ಬೆನ್ನು ಹಿಡಿಯಿತು. ಈಗ ಚೆನ್ನಾಗಿಯೇ ಇದ್ದಾನೆ, ಕೆಲಸದಲ್ಲಿದ್ದಾನೆ. ಗುಂಡನ್ನು ಮಾತ್ರ ಮುಟ್ಟುವುದಿಲ್ಲ. ಕೇರಳದ ಗಂಡಸರ ಹೆಸರು ಹೆಚ್ಚಾಗಿ ಜಿಗಿತದಲ್ಲಿ ಮತ್ತು 400, 800 ಮೀಟರುಗಳಲ್ಲಿ. ಆದ್ದರಿಂದ ನೀವು ಎಸೆಯುವವರಾದರೆ, ಪೋಲ್‌ವಾಲ್ಟ್ ಮಾಡುವವರಾದರೆ, "ನಿಮ್ಮಲ್ಲಿ ಅಥ್ಲೆಟಿಕ್ಸ್ ಇದೆಯೇ?" ಎಂದು ಕೇಳಬೇಡಿ. "ಕಳೆದ ಐದು ವರ್ಷಗಳಲ್ಲಿ ನನ್ನ ಸ್ಪರ್ಧೆಯಲ್ಲಿ ಇಲ್ಲಿಂದ ಯಾರು ಹೋದರು?" ಎಂದು ಕೇಳಿ.

ನೋಡಲು ಹೋಗುವುದಾದರೆ ಜೋರು ಮಳೆಯ ದಿನ ಹೋಗಿ. ತಮಾಷೆಯಲ್ಲ. ಇಡವಪ್ಪಾತಿ ಹಿಡಿದರೆ ನಮ್ಮಲ್ಲಿ ಮಣ್ಣಿನ ಮೈದಾನ ಕೆರೆಯಾಗುತ್ತದೆ, ಮತ್ತು ಕಾಲೇಜು ತೆರೆಯುವುದೂ ಅದೇ ಕಾಲಕ್ಕೆ. ಆ ತಿಂಗಳುಗಳಲ್ಲಿ ಹುಡುಗರು ಎಲ್ಲಿ ಅಭ್ಯಾಸ ಮಾಡುತ್ತಾರೆ? ಹತ್ತಿರದ ಸಿಂಥೆಟಿಕ್ ಟ್ರ್ಯಾಕ್ ಯಾವುದು, ಅಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚು ಯಾರದು? ಎರ್ನಾಕುಲಂ ಪೇಟೆಯ ಮಧ್ಯದಲ್ಲಿ ಮಹಾರಾಜಾಸ್ ಕಾಲೇಜಿನ ಮೈದಾನವಿದೆ, 2024ರ ರಾಜ್ಯ ಶಾಲಾ ಕ್ರೀಡಾಕೂಟದ ಓಟಗಳು ನಡೆದದ್ದು ಅಲ್ಲೇ. ಪಾಲಾದಲ್ಲಿದೆ, ತೇಞಿಪ್ಪಲಂನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ್ದಿದೆ. ತಿರುವನಂತಪುರದಲ್ಲಿ ಯೂನಿವರ್ಸಿಟಿ ಸ್ಟೇಡಿಯಂ ಇದೆ. ಕಾರ್ಯವಟ್ಟಂನಲ್ಲಿ 1985ರಲ್ಲಿ ಆರಂಭವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿದೆ. ಮುಂದೆ ತಾನೇ ತರಬೇತುದಾರನೋ ದೈಹಿಕ ಶಿಕ್ಷಕನೋ ಆಗಬೇಕೆಂದಿರುವವನು ಇದನ್ನು ನೋಡದೆ ಬೇರೆಡೆ ಅರ್ಜಿ ಹಾಕಬಾರದು.

ಬೆಳಿಗ್ಗೆ ಆರು ಗಂಟೆಗೆ ಮೈದಾನಕ್ಕೆ ಹೋಗಿ, ಅಪ್ಪನನ್ನು ಕ್ಯಾಂಟೀನಿನಲ್ಲಿ ಕೂರಿಸಿ. ಎರಡನೆಯ ವರ್ಷದ ಹುಡುಗನೊಬ್ಬನನ್ನು ಹಿಡಿದು ಮಾತನಾಡಿಸಿ. ಪ್ರಿನ್ಸಿಪಾಲರು ಹೇಳದ್ದನ್ನು ಅವನು ಹೇಳುತ್ತಾನೆ: ಹಾಸ್ಟೆಲ್ಲಿನಲ್ಲಿ ಮೊಟ್ಟೆ, ಮೀನು ನಿಜವಾಗಿ ಸಿಗುತ್ತದೆಯೇ, ಕೂಟಕ್ಕೆ ಹೋದ ದಿನಗಳ ಹಾಜರಿ ಕೊಡುತ್ತಾರೆಯೇ, ಪರೀಕ್ಷೆಯ ದಿನವೇ ಕೂಟ ಬಿದ್ದರೆ ಏನು ಮಾಡುತ್ತಾರೆ, ಕಾಲು ಉಳುಕಿದಾಗ ಯಾರು ನೋಡುತ್ತಾರೆ. ತರಬೇತುದಾರರು ಕಾಲೇಜಿನವರೋ, ಸ್ಪೋರ್ಟ್ಸ್ ಕೌನ್ಸಿಲ್‌ನವರೋ, ಅದನ್ನೂ ಕೇಳಿ. ಕೌನ್ಸಿಲ್‌ನವರಾದರೆ ವರ್ಗವಾಗಬಹುದು. ಅವರನ್ನೇ ನಂಬಿ ಸೇರಿದವನು ಮರುವರ್ಷ ಅನಾಥ.

ಇನ್ನು ಪದವಿ. ಇಲ್ಲಿ ನಾನು ನಿಮ್ಮ ಅಮ್ಮನ ಪಕ್ಷ. ಕೇರಳದ ಪುರುಷ ಓಟಗಾರರು ಬಹಳ ಮಂದಿ ಸೇನೆ, ನೌಕಾಪಡೆ, ವಾಯುಪಡೆ, ರೈಲ್ವೆಗಳಿಗೆ ಹೋಗುತ್ತಾರೆ. ಜಿನ್ಸನ್ ಜಾನ್ಸನ್ ಕೋಟ್ಟಯಂನ ಬಸೇಲಿಯಸ್ ಕಾಲೇಜಿನಲ್ಲಿದ್ದವರು, 2009ರಲ್ಲಿ ಸೇನೆ ಸೇರಿದರು. 2018ರಲ್ಲಿ 800 ಮೀಟರನ್ನು 1 ನಿಮಿಷ 45.65 ಸೆಕೆಂಡಿನಲ್ಲಿ ಓಡಿ, ಶ್ರೀರಾಮ್ ಸಿಂಗ್ ಅವರು 1976ರಲ್ಲಿ ಮಾಡಿದ್ದ 42 ವರ್ಷ ಹಳೆಯ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಎಲ್ದೋಸ್ ನೌಕಾಪಡೆ, ಅಬ್ದುಲ್ಲಾ ವಾಯುಪಡೆ. ಕೆಲಸ ಸಿಕ್ಕಿತೆಂದರೆ ಊಟ, ಮೈದಾನ, ಸಂಬಳ ಎಲ್ಲ ಒಟ್ಟಿಗೆ. ಒಳ್ಳೆಯದೇ. ಆದರೆ ಪತ್ರಿಕೆಯಲ್ಲಿ ಹೆಸರು ಬರುವವನು ಒಬ್ಬ, ಬಾರದವರು ನೂರು ಮಂದಿ. ಅಷ್ಟು ದೂರ ಜಿಗಿದ ಶ್ರೀಶಂಕರ್ ಅವರಿಗೂ 2024ರ ಏಪ್ರಿಲ್‌ನಲ್ಲಿ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟಾಗಿ ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿಹೋಯಿತು. ಆದ್ದರಿಂದ "ಸುಲಭವಾಗಿ ಪಾಸಾಗುವ ವಿಷಯ ತಗೋ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾಲು ಕೈಕೊಟ್ಟರೂ ಅನ್ನ ಕೊಡುವ ವಿಷಯ ತೆಗೆದುಕೊಳ್ಳಿ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರಕ್ಕೆ ಮುಗಿಸಿ ಹೊರಬರಲೂಬಹುದು. ಓಡುವವನಿಗೆ ಆ ನಾಲ್ಕನೆಯ ವರ್ಷ ಲಾಭವೇ. ಇಪ್ಪತ್ತೊಂದರಲ್ಲಿ ಗಂಡುಮಕ್ಕಳ ಮೈಕಟ್ಟು ಇನ್ನೂ ತುಂಬುತ್ತಿರುತ್ತದೆ.

ನಿಮ್ಮಲ್ಲಿ ಕೆಲವರ ಕಣ್ಣು ಕರ್ನಾಟಕದ ಕಡೆಗಿದೆ ಎಂದು ಗೊತ್ತು. ರಾತ್ರಿ ಮಲಬಾರೋ ಮಾವೇಲಿಯೋ ಹತ್ತಿದರೆ ಬೆಳಿಗ್ಗೆ ಮಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಮೂಡುಬಿದಿರೆ. ಡಾ. ಮೋಹನ ಆಳ್ವರ ಆಳ್ವಾಸ್ ಕಾಲೇಜು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವುದಕ್ಕೆ ಹೆಸರಾದದ್ದು. ಹೊರರಾಜ್ಯದವರಿಗೂ ಬಾಗಿಲು ತೆರೆದಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನ ಬೆಳ್ಳಿ ಗೆದ್ದ ಧರುಣ್ ಅಯ್ಯಸಾಮಿ ತಮಿಳುನಾಡಿನವರು, ಓದಿದ್ದು ಅಲ್ಲಿ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ 2020ರ ಜನವರಿಯಲ್ಲಿ ನಡೆದದ್ದೂ ಮೂಡುಬಿದಿರೆಯಲ್ಲೇ. ಬೆಂಗಳೂರಾದರೆ ಜೈನ್ ವಿಶ್ವವಿದ್ಯಾಲಯವಿದೆ. 2022ರಲ್ಲಿ ತಾನೇ ನಡೆಸಿಕೊಟ್ಟ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಸಮಗ್ರ ಪ್ರಶಸ್ತಿ ಅದರದೇ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಕರ್ನಾಟಕದ ಸಿ.ಇ.ಟಿ. ಬರೆಯುವುದಾದರೆ ಅಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮ ಅಡ್ಡ ಬರುತ್ತದೆ. ನಮ್ಮಂಥ ಹೊರನಾಡು ಕನ್ನಡಿಗರಿಗೆ, ಕಾಸರಗೋಡಿನಂಥ ಗಡಿನಾಡಿನವರಿಗೆ ಬೇರೆ ದಾರಿಯಿದೆ, ಆದರೆ ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಭಾನುವಾರದ ಕನ್ನಡ ತರಗತಿ ತಪ್ಪಿಸಿ ಮೈದಾನಕ್ಕೆ ಓಡಿದವರು ಈಗ ಒತ್ತಕ್ಷರ ಕಲಿಯಲು ಕುಳಿತುಕೊಳ್ಳಿ!

ಸಮುದ್ರ ದಾಟುವ ಆಸೆಯಿದ್ದವರಿಗೆ ವಿಕಾಸ್ ಗೌಡ ಅವರ ಹೆಸರು ಗೊತ್ತಿರಲಿ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೆಳೆದ, ಊರ ಹೊರಗೆ ಬೆಳೆದ ನಿಮ್ಮಂಥವರೇ. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕಾಗಿ 2006ರಲ್ಲಿ ಅಲ್ಲಿಯ ಕಾಲೇಜು ಚಾಂಪಿಯನ್ ಆದರು. 2012ರಲ್ಲಿ ಚಕ್ರವನ್ನು 66.28 ಮೀಟರ್ ಎಸೆದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಭಾರತಕ್ಕೆ ಚಿನ್ನ ತಂದರು. ದೆಹಲಿಯ ತೇಜಸ್ವಿನ್ ಶಂಕರ್ 2017ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾನ್ಸಾಸ್ ಸ್ಟೇಟ್‌ಗೆ ಹೋದವರು. ಅಲ್ಲಿ ಕಾಲೇಜಿನವರು ನಿಮ್ಮ ಜಿಗಿತದ ಜೊತೆಗೆ ಶಾಲೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ. ಆದ್ದರಿಂದ ಹತ್ತನೆಯ ತರಗತಿಯವರೇ, ಈ ಸಾಲು ನಿಮಗೆ.

ಕೊನೆಗೆ ಕಾಗದಪತ್ರ. ಕ್ರೀಡಾ ಕೋಟಾದ ಅರ್ಜಿಗೆ ಕೊನೆಯ ದಿನ ಬೇರೆ ಇರುತ್ತದೆ, ಸಾಮಾನ್ಯ ಅರ್ಜಿಯ ಜೊತೆ ಹಾಕಿದರೆ ಸಾಕೆಂದು ಕೂರಬೇಡಿ. ವೃತ್ತಿ ಕೋರ್ಸುಗಳ ಕ್ರೀಡಾ ಕೋಟಾ ಪಟ್ಟಿ ತಿರುವನಂತಪುರದ ಸ್ಪೋರ್ಟ್ಸ್ ಕೌನ್ಸಿಲ್ ಮೂಲಕ ಬರುತ್ತದೆ. ಕಲೆ, ವಿಜ್ಞಾನ ಕಾಲೇಜುಗಳಿಗೆ ಆಯಾ ವಿಶ್ವವಿದ್ಯಾಲಯದ ಕ್ರಮ. ವಿಲೇಜ್ ಆಫೀಸಿನ ನೇಟಿವಿಟಿ ಸರ್ಟಿಫಿಕೇಟು ಬೇಕಾದೀತು. ಅಪ್ಪ ಉಡುಪಿಯವರು, ನೀವು ಹುಟ್ಟಿದ್ದು ಎರ್ನಾಕುಲಂ ಎಂದಾದರೆ ನಿಮ್ಮ ಜನನ ಪ್ರಮಾಣಪತ್ರವನ್ನು ಈಗಲೇ ಹುಡುಕಿಡಿ. ಕ್ರೀಡಾ ಪ್ರಮಾಣಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹಿಂಬದಿಯಲ್ಲಿ ಸೀಲು ಒತ್ತಬೇಕೆಂದು ಕೇಳುವುದುಂಟು. ಭಾನುವಾರ ಸಂಜೆ ಐದರ ನಂತರ ನಾನು ಸಂಘದ ವಾಚನಾಲಯದಲ್ಲಿರುತ್ತೇನೆ. ಮೂಲ ಪ್ರತಿ ಮತ್ತು ಎರಡು ಜೆರಾಕ್ಸ್ ತನ್ನಿ, ಒಟ್ಟಿಗೆ ಕುಳಿತು ಅರ್ಜಿ ತುಂಬೋಣ.