ಹೆಸರಿಗಾಗಿ ಕೂಗಬೇಡಿ, ಕಾರಣ ಕೇಳಿ

ಪುಣೆಯ ಕನ್ನಡಿಗರಿಗೂ ಎಲ್ಲ ನಾಗರಿಕರಿಗೂ ಒಂದು ಕಳಕಳಿಯ ಮನವಿ



2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಪುಣೆಯವರಿದ್ದರು, ಶಿವಮೊಗ್ಗದವರಿದ್ದರು. ದುಃಖವೂ ಸಿಟ್ಟೂ ಆರದಿದ್ದ ಆ ದಿನಗಳಲ್ಲೇ ಮೊಬೈಲಿನಿಂದ ಮೊಬೈಲಿಗೆ ಒಂದು ಸುದ್ದಿ ಹರಿದಾಡಿತು. ಉತ್ತರ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಎಂ.ವಿ. ಸುಚೀಂದ್ರ ಕುಮಾರ್ ಅವರನ್ನು ಭದ್ರತಾ ಲೋಪಕ್ಕಾಗಿ ಹುದ್ದೆಯಿಂದ ಕಿತ್ತುಹಾಕಲಾಗಿದೆ ಎಂಬುದೇ ಆ ಸುದ್ದಿ. ಅದು ಶುದ್ಧ ಸುಳ್ಳು. ಅವರು ಏಪ್ರಿಲ್ 30ರಂದು ವಯೋನಿವೃತ್ತಿ ಹೊಂದುವವರಿದ್ದರು, ಹೊಂದಿದರು. ಲೆಫ್ಟಿನೆಂಟ್ ಜನರಲ್ ಪ್ರತೀಕ್ ಶರ್ಮಾ ಆ ಜಾಗಕ್ಕೆ ಬಂದದ್ದು ವಾಡಿಕೆಯ ಕ್ರಮದಂತೆಯೇ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆ ಇದನ್ನು ಸ್ಪಷ್ಟವಾಗಿಯೇ ಹೇಳಿತು. ಆದರೆ ಸ್ಪಷ್ಟನೆ ಹೊರಡುವ ಹೊತ್ತಿಗೆ ಸುಳ್ಳು ಊರೆಲ್ಲ ಸುತ್ತಿ ಬಂದಿತ್ತು.

ಸುಚೀಂದ್ರ ಕುಮಾರ್ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು, ನಮ್ಮ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಪಡೆದವರು. ಕನ್ನಡನಾಡಿಗೂ ಪುಣೆಗೂ ಸೇರಿದ ಒಬ್ಬ ಯೋಧ ಜೀವಮಾನವಿಡೀ ಸೇವೆ ಮಾಡಿ ಸಮವಸ್ತ್ರ ಕಳಚುವ ವಾರದಲ್ಲಿ ಅವರ ಹೆಸರಿಗೆ ಇಂಥ ಮಸಿ ಮೆತ್ತಿದರು. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಶತ್ರುದೇಶದವರು ಮಾತ್ರ ಇರಲಿಲ್ಲ, ನಮ್ಮವರೂ ಇದ್ದರು. ಒಂದೇ ವಾರದ ಮೇಲೆ, ಮೇ 7ರಂದು, ಪಾಕಿಸ್ತಾನದ ವಿರುದ್ಧ ಆಪರೇಷನ್ ಸಿಂಧೂರ ಶುರುವಾಯಿತು. ಕಾಳಗಕ್ಕೆ ಇಳಿಯಲಿದ್ದ ಸೈನ್ಯದ ಬೆನ್ನ ಹಿಂದೆ, ದಂಡನಾಯಕನನ್ನೇ ಓಡಿಸಿದ್ದಾರಂತೆ ಎಂಬ ಗುಸುಗುಸು ಹಬ್ಬಿಸುವುದು ಯಾರಿಗೆ ಲಾಭ?

ಆ ಸಲದ್ದು ಸುಳ್ಳಾಗಿತ್ತು. ಮುಂದೊಂದು ದಿನ ಅದು ನಿಜವೇ ಆಗಬಹುದು. ಯುದ್ಧ ನಡೆಯುತ್ತಿರುವಾಗಲೇ ಜನಮೆಚ್ಚಿದ ಸೇನಾನಿಯೊಬ್ಬರನ್ನು ಸರ್ಕಾರ ಬದಲಿಸಬಹುದು. ಬದಲಿಸುವ ಅಧಿಕಾರ ಚುನಾಯಿತ ಸರ್ಕಾರಕ್ಕೆ ಇದೆ, ಇರಬೇಕು. ಆ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ? ಇದನ್ನು ಶಾಂತಿಯ ಕಾಲದಲ್ಲೇ ಯೋಚಿಸಿಟ್ಟುಕೊಳ್ಳೋಣ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ: ವ್ಯಕ್ತಿಯ ಹೆಸರು ಹಿಡಿದು ಕೂಗಬೇಡಿ, ಬದಲಾವಣೆಯ ಕಾರಣವನ್ನು ಕೇಳಿ. ಉತ್ತರ ಸಿಗುವವರೆಗೂ ಕೇಳುವುದನ್ನು ಬಿಡಬೇಡಿ.

ಇದುವರೆಗೆ ನಾವು ಹೆಚ್ಚಾಗಿ ಮಾಡುತ್ತ ಬಂದಿರುವುದು ಇದರ ತದ್ವಿರುದ್ಧ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ನೆನೆಯಿರಿ. ಅವರಷ್ಟು ಜನಪ್ರೀತಿ ಗಳಿಸಿದ ಸೇನಾ ಮುಖ್ಯಸ್ಥರು ನಮ್ಮಲ್ಲಿ ವಿರಳ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರು ಬಡ್ತಿ, ನೇಮಕಗಳಲ್ಲಿ ಕೈಹಾಕುತ್ತಿದ್ದ ರೀತಿಗೆ ಬೇಸತ್ತು ತಿಮ್ಮಯ್ಯ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಆರು ದಿನ ಹಿಂದಷ್ಟೇ ಲಾಂಗ್‌ಜುವಿನಲ್ಲಿ ಚೀನೀ ಪಡೆ ನಮ್ಮ ಗಡಿಠಾಣೆಯ ಮೇಲೆ ಗುಂಡು ಹಾರಿಸಿತ್ತು. ಸುದ್ದಿ ಹೊರಬಿದ್ದದ್ದೇ ದೇಶ ಎದ್ದು ಕೂತಿತು. ಪತ್ರಿಕೆಗಳು ಗುಡುಗಿದವು, ಸಂಸತ್ತಿನಲ್ಲಿ ಗದ್ದಲವಾಯಿತು. ಪ್ರಧಾನಿ ನೆಹರೂ ಒತ್ತಾಯಕ್ಕೆ ಮಣಿದು ತಿಮ್ಮಯ್ಯ ರಾಜೀನಾಮೆ ಹಿಂದಕ್ಕೆ ಪಡೆದರು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ, ಇದು ಸ್ವಭಾವಗಳ ಹೊಂದಾಣಿಕೆಯ ಸಣ್ಣ ವಿಷಯ ಎಂಬರ್ಥದಲ್ಲಿ ಮಾತನಾಡಿ, ಸೇನೆಗಿಂತ ನಾಗರಿಕ ಆಡಳಿತವೇ ಮೇಲು ಎಂದು ನೆನಪಿಸಿದರು. ಅಲ್ಲಿಗೆ ಗದ್ದಲ ತಣ್ಣಗಾಯಿತು.

ಆ ಗದ್ದಲವೆಲ್ಲ ತಿಮ್ಮಯ್ಯ ಇರಬೇಕೋ ಹೋಗಬೇಕೋ ಎಂಬುದರ ಸುತ್ತಲೇ ಸುತ್ತಿತು. ಅವರು ಉಳಿದರು ಎಂದಾಗ ಜನ ನೆಮ್ಮದಿಯಾಗಿ ಮನೆಗೆ ಹೋದರು. ಅವರು ರಾಜೀನಾಮೆ ಕೊಡುವಷ್ಟು ನೊಂದದ್ದೇಕೆ, ಬಡ್ತಿಗಳ ವಿಚಾರ ಏನಾಯಿತು, ಹಿಮಾಲಯದ ಗಡಿಗೆ ಬೇಕಾದ ರಸ್ತೆ, ಬಂದೂಕು, ಬೆಚ್ಚನೆಯ ಬಟ್ಟೆ ಸಿದ್ಧವಾಗಿವೆಯೇ ಎಂದು ಬೆನ್ನುಬಿಡದೆ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. 1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. ಅವರು ಬಯಸಿದ್ದ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಟ್ ಅವರನ್ನು ಬಿಟ್ಟು ಜನರಲ್ ಪಿ.ಎನ್. ಥಾಪರ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಹದಿನೇಳು ತಿಂಗಳ ಮೇಲೆ ಚೀನಾದೊಂದಿಗೆ ಯುದ್ಧ ಬಂತು.

1962ರ ಆ ಯುದ್ಧದಲ್ಲಿ ಸೇನಾನಿಗಳು ಬದಲಾದ ವೇಗ ನೋಡಿ. ಈಶಾನ್ಯ ಗಡಿಯ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ನಾಮ್ಕಾ ಚೂ ಕಣಿವೆಯಿಂದ ಚೀನೀಯರನ್ನು ಹೊರದಬ್ಬಲು ಬೇಕಾದ ಆಳು, ಆಹಾರ, ಮದ್ದುಗುಂಡು ಅಲ್ಲಿಗೆ ತಲುಪಿಸಲಾಗದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಅಕ್ಟೋಬರ್ ಮೊದಲ ವಾರ ಆ ಹೊಣೆಯನ್ನು ಅವರಿಂದ ತೆಗೆದು, ಹೊಸದಾಗಿ ರಚಿಸಿದ 4ನೇ ಕೋರ್‌ಗೆ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರನ್ನು ಕಳಿಸಿದರು. ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಮರಳಿದರು. ಅಕ್ಟೋಬರ್ 20ರಂದು ನಾಮ್ಕಾ ಚೂನಲ್ಲಿ ನಮ್ಮ 7ನೇ ಬ್ರಿಗೇಡ್ ನುಚ್ಚುನೂರಾಯಿತು. ರವಿ ಬೆಳಗೆರೆ ಕನ್ನಡಕ್ಕೆ ತಂದ ‘ಹಿಮಾಲಯನ್ ಬ್ಲಂಡರ್’ ಓದಿದವರಿಗೆ ಆ ಬ್ರಿಗೇಡಿನ ಸಂಕಟ ಗೊತ್ತೇ ಇದೆ. ಆಮೇಲೆ ಲೆಫ್ಟಿನೆಂಟ್ ಜನರಲ್ ಹರ್ಬಕ್ಷ್ ಸಿಂಗ್ ಬಂದರು. ನೆಲ ಅರಿತುಕೊಳ್ಳುವ ಮೊದಲೇ, ತಿಂಗಳ ಕೊನೆಯೊಳಗೆ, ಅವರನ್ನು ಎತ್ತಿ ಮತ್ತೆ ಕೌಲ್ ಅವರನ್ನೇ ತಂದರು. ನವೆಂಬರ್ ಮಧ್ಯದಲ್ಲಿ ಸೇಲಾ, ಬೊಮ್ಡಿಲಾ ನೆಲೆಗಳೆರಡೂ ಚೀನೀಯರ ವಶವಾದವು.

ಆ ಯುದ್ಧದ ವೇಳೆ ಜನರ ಸಿಟ್ಟು ಹರಿದದ್ದು ಮೆನನ್ ಅವರ ಕಡೆಗೆ. ಆ ಸಿಟ್ಟಿಗೆ ಕಾರಣವಿತ್ತು, ಮೆನನ್ ಸಂಪುಟದಿಂದ ಹೊರಹೋಗಬೇಕಾಯಿತು. ಥಾಪರ್ ಕೂಡ ಇಳಿದರು. ಪುಣೆಯ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿ, ಹಿಂದಿನ ವರ್ಷವಷ್ಟೇ ಗೋವಾ ಕಾರ್ಯಾಚರಣೆಯ ನೇತೃತ್ವ ವಹಿಸಿದ್ದ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ನವೆಂಬರ್ 20ರಂದು ಸೇನೆಯ ಚುಕ್ಕಾಣಿ ಹಿಡಿದರು. ಅಂದರೆ ದೇಶದ ಅತಿ ಕಠಿಣ ಗಳಿಗೆಯಲ್ಲಿ ಹೊಸ ದಂಡನಾಯಕ ಹೊರಟದ್ದು ನಮ್ಮ ಈ ಊರಿನಿಂದಲೇ. ಆದರೆ ಉಮ್ರಾವ್ ಸಿಂಗ್ ಅವರನ್ನು ಸರಿಸಿದವರು ಯಾರು, ಅವರು ಹೇಳಿದ ಮಾತಿಗೆ ಬೆಲೆ ಸಿಗದೆ ಹೋದದ್ದೇಕೆ, ಹರ್ಬಕ್ಷ್ ಅವರನ್ನು ಹಿಂದಕ್ಕೆ ಕರೆಸಿದ್ದೇಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಸೋಲಿನ ವಿಚಾರಣೆ ನಡೆಸಿ 1963ರಲ್ಲಿ ವರದಿ ಕೊಟ್ಟರು. ಈ ಭಗತ್ ಯಾರು ಗೊತ್ತೇ? ಪುಣೆಯ ಖಡ್ಕಿಯಲ್ಲಿ ನೆಲೆ ಇರುವ ಬಾಂಬೆ ಸ್ಯಾಪರ್ಸ್‌ನಿಂದ ಬಂದು, ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ವೀರ. ಆತ ಕೂತು ಬರೆದ ವರದಿ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿತು. 2010ರಲ್ಲೂ ರಕ್ಷಣಾ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರ, ಅದು ಈಗಲೂ ಸೂಕ್ಷ್ಮ ವಿಷಯ ಎಂದೇ. 2014ರಲ್ಲಿ ಅದರ ಒಂದು ಭಾಗವನ್ನು ಹೊರಗೆ ಹಾಕಿದವರು ಒಬ್ಬ ವಿದೇಶಿ ಪತ್ರಕರ್ತ. ನಮ್ಮ ಸೋಲಿನ ಲೆಕ್ಕವನ್ನು ನಾವು ಪರರ ಕೈಯಿಂದ ಓದುವಂತಾಯಿತು.

ಕಾರಣ ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪುಣೆಗಿಂತ ಬೇರೆ ಸಾಕ್ಷಿ ಬೇಡ. 1758ರಲ್ಲಿ ಲಾಹೋರಿನವರೆಗೆ ದಂಡು ಒಯ್ದು ಹೆಸರು ಮಾಡಿದವನು ರಘುನಾಥರಾವ್. 1760ರಲ್ಲಿ ಅಫ್ಘನ್ ದೊರೆ ಅಬ್ದಾಲಿಯ ಎದುರು ಉತ್ತರಕ್ಕೆ ದಂಡು ಹೊರಟಾಗ ನಾನಾಸಾಹೇಬ ಪೇಶ್ವೆ ಅವನನ್ನು ಬಿಟ್ಟು ಸದಾಶಿವರಾವ್ ಭಾವುವನ್ನು ಆರಿಸಿದ. ರಘುನಾಥರಾವ್‌ನ ದಂಡಯಾತ್ರೆ ಭಾರೀ ಸಾಲ ಹೊತ್ತು ತಂದಿತ್ತು. ಭಾವು ಲೆಕ್ಕಪತ್ರದಲ್ಲಿ ಬಿಗಿ, ಆಗಷ್ಟೇ ಉದಗೀರಿನಲ್ಲಿ ನಿಜಾಮನನ್ನು ಮಣಿಸಿದ್ದ. 1761ರ ಜನವರಿ 14ರಂದು ಪಾನಿಪತದಲ್ಲಿ ಮರಾಠರ ದಂಡು ಸೋತು ನೆಲಕಚ್ಚಿದ್ದು ಎಲ್ಲರಿಗೂ ಗೊತ್ತು. ಭಾವು ಸತ್ತನೆಂಬುದನ್ನು ಅನೇಕರು ನಂಬಲೇ ಇಲ್ಲ. ನಾನೇ ಭಾವು ಎಂದು ಹೇಳಿಕೊಂಡ ಒಬ್ಬ ವೇಷಧಾರಿ ಎದ್ದುಬಂದ, ಅವನ ಹಿಂದೆ ಜನ ಸೇರಿದರು, ಕೋಟೆಗಳು ಅವನ ಕೈಸೇರಿದವು. ಕೊನೆಗೆ 1776ರಲ್ಲಿ ಪುಣೆಯಲ್ಲಿ ವಿಚಾರಣೆ ನಡೆಸಿ ಅವನಿಗೆ ಮರಣದಂಡನೆ ಕೊಡಬೇಕಾಯಿತು. ಯುದ್ಧ ಮುಗಿದು ಹದಿನೈದು ವರ್ಷವಾದರೂ ವದಂತಿ ರಾಜ್ಯವನ್ನೇ ಅಲುಗಿಸಿತು. ರಘುನಾಥರಾವ್ ಹೋಗಿದ್ದರೆ ಗೆಲ್ಲುತ್ತಿದ್ದೆವೋ, ಭಾವು ಮಾಡಿದ್ದು ಸರಿಯೋ ಎಂಬ ವಾದ ಸದಾಶಿವ ಪೇಠದ ಕಟ್ಟೆಗಳಲ್ಲಿ ಇಂದಿಗೂ ಮುಗಿದಿಲ್ಲ. ಸಾಲ, ಸರಬರಾಜು, ಮಿತ್ರರನ್ನು ಒಲಿಸಿಕೊಳ್ಳಲಾಗದ ರಾಜಕಾರಣ ಇವುಗಳ ಮಾತು ಆ ವಾದದಲ್ಲಿ ಹಿಂದೆ ಬೀಳುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಕೊರಿಯಾ ಯುದ್ಧದ ನಡುವೆ, 1951ರ ಏಪ್ರಿಲ್ 11ರಂದು, ಅಮೆರಿಕದ ಅಧ್ಯಕ್ಷ ಟ್ರೂಮನ್ ಜನರಲ್ ಮ್ಯಾಕ್‌ಆರ್ಥರ್ ಅವರನ್ನು ವಜಾ ಮಾಡಿದರು. ಜನ ಉರಿದೆದ್ದರು. ನ್ಯೂಯಾರ್ಕಿನ ಬೀದಿಗಳಲ್ಲಿ ಮ್ಯಾಕ್‌ಆರ್ಥರ್ ಅವರಿಗೆ ಲಕ್ಷಾಂತರ ಜನ ಜಯಕಾರ ಹಾಕಿದರು. ಆದರೆ ಅಮೆರಿಕದ ಸೆನೆಟ್ ಮೇ ತಿಂಗಳಲ್ಲೇ ವಿಚಾರಣೆ ಆರಂಭಿಸಿತು. ಮ್ಯಾಕ್‌ಆರ್ಥರ್ ತಮ್ಮ ವಾದ ಹೇಳಿದರು, ಜನರಲ್ ಬ್ರಾಡ್ಲಿಯಂಥ ಸೇನಾ ಹಿರಿಯರು ಯುದ್ಧವನ್ನು ಚೀನಾಕ್ಕೆ ಹಬ್ಬಿಸುವುದು ಏಕೆ ತಪ್ಪು ಎಂದು ವಿವರಿಸಿದರು. ಗುಟ್ಟಾಗಿಡಬೇಕಾದ ಸಾಲುಗಳನ್ನು ತೆಗೆದು ಉಳಿದದ್ದನ್ನು ದಿನದಿನವೂ ಪತ್ರಿಕೆಗಳಿಗೆ ಕೊಟ್ಟರು. ಯುದ್ಧ ಇನ್ನೂ ನಡೆಯುತ್ತಿತ್ತು. ಜನ ಎರಡೂ ಕಡೆಯ ಮಾತು ಓದಿದರು, ಆವೇಶ ಇಳಿಯಿತು. ದಂಡನಾಯಕನ ಮೇಲಿನ ಗೌರವವೂ ಉಳಿಯಿತು, ಚುನಾಯಿತ ಸರ್ಕಾರದ ಅಧಿಕಾರವೂ ಉಳಿಯಿತು.

ನಮ್ಮಲ್ಲೂ ಇದು ಆಗಿದೆ. ಕಾರ್ಗಿಲ್ ಯುದ್ಧ ಮುಗಿದ ಕೂಡಲೇ, 1999ರ ಜುಲೈ ಕೊನೆಗೆ, ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ನೇಮಕವಾಯಿತು. ಕೆಲವು ಭಾಗ ಮರೆಮಾಡಿದ ವರದಿ 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂತು, ಪುಸ್ತಕವಾಗಿಯೂ ಪ್ರಕಟವಾಯಿತು. ಅದರಿಂದ ದೇಶಕ್ಕೆ ಕೇಡಾಗಲಿಲ್ಲ. ಗೂಢಚರ್ಯೆ, ಗಡಿ ನಿರ್ವಹಣೆಗಳ ಸುಧಾರಣೆಯ ಚರ್ಚೆ ಅಲ್ಲಿಂದಲೇ ಶುರುವಾಯಿತು.

ಆದ್ದರಿಂದ ನಿಮ್ಮಲ್ಲಿ ಕೆಲವು ಮಾತು ಕೈಮುಗಿದು ಕೇಳುತ್ತೇನೆ.

ಸೇನಾನಿ ಬದಲಾದರಂತೆ ಎಂಬ ಸುದ್ದಿ ಬಂದಾಗ ಮೊದಲು ಅವರ ನಿವೃತ್ತಿಯ ದಿನ ನೋಡಿ. ಲೆಫ್ಟಿನೆಂಟ್ ಜನರಲ್‌ಗಳು 60 ತುಂಬಿದ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಯುದ್ಧದ ಮೋಡ ಕವಿದಿದ್ದರೂ ಆ ಕ್ರಮ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಧಿಕೃತ ಮಾತು ಬರುವವರೆಗೆ ಯಾವುದನ್ನೂ ಮುಂದಕ್ಕೆ ಕಳಿಸಬೇಡಿ.

ಹೋದವರ, ಬಂದವರ ಜಾತಿ, ಧರ್ಮ, ಪ್ರಾಂತ್ಯ ಹುಡುಕಬೇಡಿ. ನಮ್ಮ ಕೊಡಗಿನವರು, ನಮ್ಮ ಮಹಾರಾಷ್ಟ್ರದವರು ಎಂಬ ಹೆಮ್ಮೆ ಒಳ್ಳೆಯದೇ. ಆದರೆ ‘ನಮ್ಮವರನ್ನು ತುಳಿದರು’ ಎಂಬ ಮಾತು ಸೇನೆಯ ಒಳಗೆ ಹೊಕ್ಕರೆ ಒಂದೇ ಕಂದಕದಲ್ಲಿ ಕೂತ ಇಬ್ಬರ ನಡುವೆ ಗೋಡೆ ಏಳುತ್ತದೆ. ಹೊಸದಾಗಿ ಬಂದ ದಂಡನಾಯಕರನ್ನು ಹಳಿಯಬೇಡಿ. ನಾಳೆ ಬೆಳಗ್ಗೆ ಅವರ ಆದೇಶ ನಂಬಿ ಬೆಟ್ಟ ಹತ್ತಬೇಕಾದವರು ನಮ್ಮ ಮಕ್ಕಳು. ಎರಡೂ ಮನೆಗಳಲ್ಲಿ ಹೆಂಡತಿ, ಮಕ್ಕಳು, ವಯಸ್ಸಾದ ತಂದೆ-ತಾಯಿ ಇದ್ದಾರೆಂಬುದನ್ನು ಮರೆಯಬೇಡಿ.

ಇಷ್ಟು ಸಂಯಮ ತೋರಿದ ಮೇಲೆ, ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡಬೇಡಿ. ಸಂಯಮವೆಂದರೆ ಬಾಯಿಮುಚ್ಚಿಕೊಂಡಿರುವುದಲ್ಲ. ಕಹಿಸತ್ಯ ಹೇಳಿದ್ದಕ್ಕೆ ಸೇನಾನಿಯನ್ನು ಸರಿಸಿದರೇ, ಕೆಲಸದಲ್ಲಿ ಸೋತದ್ದಕ್ಕೆ ಸರಿಸಿದರೇ ಎಂಬುದು ತಿಳಿಯದಿದ್ದರೆ ಮುಂದಿನ ಉಮ್ರಾವ್ ಸಿಂಗ್ ಸತ್ಯ ಹೇಳಲು ಹಿಂಜರಿಯುತ್ತಾರೆ, ಅದರ ಬೆಲೆಯನ್ನು ತೆರುವವನು ಮುಂಚೂಣಿಯ ಸೈನಿಕ. ಯುದ್ಧ ಮುಗಿದು ನಿಗದಿತ ಅವಧಿಯೊಳಗೆ ಪರಿಶೀಲನೆ ನಡೆದು, ಗುಟ್ಟಿನ ಭಾಗ ಬಿಟ್ಟು ಉಳಿದ ವರದಿ ಸಂಸತ್ತಿಗೆ ಬರುವಂಥ ಪದ್ಧತಿಯೇ ನಮಗೆ ಬೇಕು.

ಅದಕ್ಕೆ ಮೊದಲ ಹೆಜ್ಜೆಯಾಗಿ ನೀವು ಒಂದು ಕೆಲಸ ಮಾಡಿ. ಪುಣೆಯಲ್ಲಿರಲಿ, ಬೆಳಗಾವಿಯಲ್ಲಿರಲಿ, ಮಡಿಕೇರಿಯಲ್ಲಿರಲಿ, ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಪತ್ರ ಬರೆಯಿರಿ. ಹೆಂಡರ್‌ಸನ್ ಬ್ರೂಕ್ಸ್-ಭಗತ್ ವರದಿಯನ್ನು ಕಾರ್ಗಿಲ್ ವರದಿಯಂತೆಯೇ ಸಂಸತ್ತಿನ ಮುಂದಿಡಿ ಎಂದು ಕೇಳಿ. ನಮ್ಮ ಕನ್ನಡ ಸಂಘಗಳು, ನಿವೃತ್ತ ಸೈನಿಕರ ಸಂಘಗಳು ಸಭೆ ಸೇರಿದಾಗ ಇದನ್ನೇ ಠರಾವು ಮಾಡಿ ಕಳಿಸಲಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು ನಿಲ್ಲಿಸಿ ಇದನ್ನೇ ಕೇಳಿ.