ಪಾದ್ರಿಯ ಕೋಶವೂ ನಮ್ಮ ಮಡಿಯೂ

ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ವಿಷಯವಾಗಿ ನಮ್ಮ ಚಿಕ್ಕೋಡಿ-ಅಥಣಿ ಸೀಮೆಯ ಸಭೆಗಳಲ್ಲಿ ಎರಡೇ ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು ಪಕ್ಷದವರು ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, 'ಕನ್ನಡಕ್ಕಾಗಿಯೇ ಅವತರಿಸಿದ ಋಷಿ' ಎಂದು ಕೊಂಡಾಡಿ, ಫಲಾಹಾರ ತೀರಿಸಿಕೊಂಡು ಮನೆಗೆ ಹೋಗುತ್ತಾರೆ. ಇನ್ನೊಂದು ಪಕ್ಷದವರು, 'ಆತನು ಮತಪ್ರಸಾರಕ್ಕೆಂದು ಬಂದ ಪಾದ್ರಿ. ಅವನ ಕೋಶವು ಬೆಸ್ತನ ಬಲೆ. ಬಲೆಯನ್ನು ಮೀನುಗಳೇ ಪೂಜಿಸುವದು ಎಲ್ಲಿಯ ನ್ಯಾಯ?' ಎಂದು ಕೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈ ಎರಡೂ ಪಕ್ಷಗಳಿಗೆ ಒಂದು ಸಾಮ್ಯವುಂಟು: ಕೋಶವನ್ನು ತೆರೆದು ನೋಡಿದವರು ಅತ್ತಲೂ ವಿರಳ, ಇತ್ತಲೂ ವಿರಳ. ನಾನು ಬಲ್ಲ ಒಂದು ವಾಚನಾಲಯದಲ್ಲಿ ಆ ಗ್ರಂಥವು ಕಪಾಟಿನಲ್ಲಿದೆ, ಕಪಾಟಿಗೆ ಬೀಗವಿದೆ, ಬೀಗದ ಕೈ ಯಾರಲ್ಲಿರುವದೆಂಬದು ಮಾತ್ರ ವರ್ಷಕ್ಕೊಮ್ಮೆ ಚರ್ಚೆಗೆ ಬರುವ ಪ್ರಶ್ನೆಯಾಗಿದೆ.

ಇದ್ದ ಸಂಗತಿಯನ್ನು ಇದ್ದಂತೆಯೇ ಮೊದಲು ಹೇಳೋಣ. ಕಿಟ್ಟೆಲರು ೧೮೩೨ನೆಯ ಇಸವಿ ಏಪ್ರಿಲ್ ೭ರಂದು ಜರ್ಮನಿಯ ಉತ್ತರ ತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯೂ ಪಾದ್ರಿಯೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ೧೮೫೩ರಲ್ಲಿ ಈ ದೇಶಕ್ಕೆ ಬಂದರು. ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡುವ 'ಕಥಾಮಾಲೆ'ಯನ್ನು ಹೊರತಂದರು. ೧೮೭೨ರಲ್ಲಿ ನಮ್ಮ ಯಜ್ಞಗಳನ್ನು ಕುರಿತು ಒಂದು ಖಂಡನಪುಸ್ತಿಕೆ, ೧೮೭೬ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ. ಇವು ಯಾವವೂ ಗುಟ್ಟಿನ ಸಂಗತಿಗಳಲ್ಲ. ಅದೇ ೧೮೭೨ರಲ್ಲಿಯೇ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ವ್ಯಾಖ್ಯಾನಸಮೇತ ಅಚ್ಚು ಹಾಕಿಸಿದರು. ೧೮೭೫ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಶೋಧಿಸಿ ಪ್ರಕಟಿಸಿದರು. ೧೮೯೪ರಲ್ಲಿ ೧೭೦೦ಕ್ಕೂ ಮಿಕ್ಕಿದ ಪುಟಗಳ, ಸುಮಾರು ೭೦,೦೦೦ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದಿತು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯಿತ್ತಿತು. ೧೯೦೩ರಲ್ಲಿ ಕನ್ನಡ ವ್ಯಾಕರಣವನ್ನು ಮುಗಿಸಿ ಅದೇ ವರ್ಷದ ಡಿಸೆಂಬರದಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ತೀರಿಕೊಂಡರು.

ಹೂಮಾಲೆಯ ಪಕ್ಷದವರು ಈ ಪಟ್ಟಿಯ ಮೊದಲ ಅರ್ಧವನ್ನು ನುಂಗುತ್ತಾರೆ. ಬಲೆಯ ಪಕ್ಷದವರು ಉಳಿದರ್ಧವನ್ನು. ಪಾದ್ರಿಯನ್ನು ಋಷಿಯೆಂದು ಕರೆಯುವದು ಆತನಿಗೂ ಮಾಡುವ ಅನ್ಯಾಯವೇ ಸರಿ. ತನ್ನ ದೇವರ ಹೆಸರಿನಲ್ಲಿ ಹಡಗನ್ನೇರಿ ಬಂದವನು, ಹೆಂಡತಿಯನ್ನು ಈ ನೆಲದಲ್ಲಿ ಕಳೆದುಕೊಂಡವನು, ಆ ನಂಬಿಕೆಯನ್ನು ಎಂದೂ ಮುಚ್ಚಿಟ್ಟವನಲ್ಲ. ಅವನ ಪರವಾಗಿ ನಾವೇಕೆ ಮುಚ್ಚಿಡಬೇಕು?

ಬಲೆಯ ವಾದಕ್ಕೆ ಈಗ ಬರೋಣ. ಉದ್ದೇಶವು ಕೆಡುಕಾದರೆ ಕಾರ್ಯವೂ ಕೆಡುಕೆಂಬದು ಈ ವಾದದ ತಿರುಳು. ಇದನ್ನು ಪರೀಕ್ಷಿಸಲಿಕ್ಕೆ ಚೀನ ದೇಶದಂಥ ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ. ಲಂಡನ್ ಮಿಶನರಿ ಸೊಸೈಟಿಯೆಂಬ ಸಂಸ್ಥೆಯು ೧೮೦೭ರಲ್ಲಿ ರಾಬರ್ಟ್ ಮಾರಿಸನ್ನನನ್ನು ಕ್ಯಾಂಟನ್ನಿಗೆ ಕಳುಹಿತು. ಅದೇ ಸಂಸ್ಥೆಯು ೧೮೧೦ರಲ್ಲಿ ಹ್ಯಾಂಡ್ಸ್ ಸಾಹೇಬರನ್ನು ಬಳ್ಳಾರಿಯಲ್ಲಿ ನೆಲೆಗೊಳಿಸಿತು. ೧೮೨೦ರಲ್ಲಿ ಜೋಸೆಫ್ ಟೇಲರರನ್ನು ನಮ್ಮ ಬೆಳಗಾವಿಗೇ ಕಳುಹಿತು. ಅಂದರೆ ಕ್ಯಾಂಟನ್ನಿನ ಪಾದ್ರಿಯೂ ಬೆಳಗಾವಿಯ ಪಾದ್ರಿಯೂ ಒಂದೇ ಮನೆಯ ಚಾಕರಿಯವರು. ಮಾರಿಸನ್ನನ ಕಾಲಕ್ಕೆ ಪರದೇಶಿಯರಿಗೆ ಚೀನೀ ಭಾಷೆಯನ್ನು ಕಲಿಸುವದೇ ಅಲ್ಲಿ ರಾಜಾಜ್ಞೆಯಿಂದ ನಿಷಿದ್ಧವಾಗಿತ್ತು; ಕಲಿಸಿದ ಪಂಡಿತನ ತಲೆಗೇ ಅಪಾಯ. ಆದರೂ ಗುಟ್ಟಾಗಿ ಕಲಿತು, ಈಸ್ಟ್ ಇಂಡಿಯಾ ಕಂಪನಿಯ ಭಾಷಾಂತರಕಾರನಾಗಿ ಉಪಜೀವಿಸುತ್ತ, ೧೮೧೫ರಿಂದ ೧೮೨೩ರ ವರೆಗೆ ಆತನು ಚೀನೀ-ಇಂಗ್ಲಿಷ್ ಕೋಶವನ್ನು ಸಂಪುಟ ಸಂಪುಟವಾಗಿ ಮಕಾವಿನಲ್ಲಿ ಅಚ್ಚುಮಾಡಿಸಿದನು. ಕಂಪನಿಯ ಹಣದಿಂದಲೇ ಅದು ಅಚ್ಚಾಯಿತು. ಆ ಕಂಪನಿಯ ಹಣದಲ್ಲಿ ಅಫೀಮಿನ ಹಣವೂ ಕೂಡಿತ್ತು. ಇನ್ನೊಬ್ಬ ಪಾದ್ರಿ ಗುಟ್ಸ್‌ಲಾಫನಂತೂ ೧೮೩೨-೩೩ರಲ್ಲಿ ಅಫೀಮಿನ ಹಡಗಿನ ಮೇಲೆಯೇ ದುಭಾಷಿಯಾಗಿ ಹೋಗಿ, ಒಂದು ಮಗ್ಗುಲಿಗೆ ಅಫೀಮಿನ ಪೆಟ್ಟಿಗೆಗಳು ಇಳಿಯುತ್ತಿರುವಾಗ ಮತ್ತೊಂದು ಮಗ್ಗುಲಿಗೆ ಧರ್ಮಪುಸ್ತಕಗಳನ್ನು ಹಂಚಿದನು. (ಮಾಳವದ ಅಫೀಮು ಮುಂಬಯಿ ಬಂದರದಿಂದ ಹೊರಡುತ್ತಿತ್ತೆಂಬದನ್ನು ಹಳೆಯ ಮುಂಬಯಿ ಇಲಾಖೆಯವರಾದ ನಾವು ಮರೆಯತಕ್ಕದ್ದಲ್ಲ.) ಈ ಗುಟ್ಸ್‌ಲಾಫನ ಕರೆಯ ಮೇರೆಗೇ ಬಾಸೆಲ್ ಸಂಸ್ಥೆಯವರು, ಮಂಗಳೂರಿಗೆ ಹೆಬಿಕ್ ಮೊದಲಾದ ಮೂವರನ್ನು ೧೮೩೪ರಲ್ಲಿ ಕಳುಹಿಸಿದವರು, ೧೮೪೭ರಲ್ಲಿ ಹ್ಯಾಂಬರ್ಗ್ ಮತ್ತು ಲೆಖ್ಲರ್ ಎಂಬಿಬ್ಬರನ್ನು ಹಾಂಗ್‌ಕಾಂಗಿಗೆ ಕಳುಹಿಸಿದರು.

ಇಷ್ಟು ಹೇಳಿದ ಮೇಲೆ ಬಲೆಯ ಪಕ್ಷದವರು, 'ನೋಡಿದಿರಾ, ನಾವೂ ಇದನ್ನೇ ಹೇಳುತ್ತಿದ್ದೆವು' ಎಂದಾರು. ಸ್ವಲ್ಪ ತಾಳಬೇಕು. ಗುಟ್ಸ್‌ಲಾಫನ ಹಡಗಿನ ಪಾಪವು ಮಾರಿಸನ್ನನ ಕೋಶದ ಒಂದೇ ಒಂದು ಅರ್ಥವನ್ನು ಸುಳ್ಳು ಮಾಡೀತೇ? ಕಂಪನಿಯ ಹಣವು ಹೊಲಸಾಗಿತ್ತೆಂದು ಚೀನೀ ಅಕ್ಷರದ ಅರ್ಥವೂ ಹೊಲಸಾಯಿತೇ? ಕೋಶದ ಮೊದಲ ಭಾಗವು ಚೀನದ ಕಾಂಗ್‌ಶಿ ಚಕ್ರವರ್ತಿಯು ಮಾಡಿಸಿದ ಕೋಶದ ಆಧಾರದ ಮೇಲೆಯೇ ನಿಂತಿದೆ. ಹಡಗಿನ ತೀರ್ಪು ಹಡಗಿಗೆ, ಕೋಶದ ತೀರ್ಪು ಕೋಶಕ್ಕೆ.

ನಮ್ಮ ಕಿಟ್ಟೆಲರ ಸಂಗತಿಯಲ್ಲಿ ಬಲೆಯ ವಾದವು ಇನ್ನೂ ದುರ್ಬಲ. ಮತಪ್ರಸಾರಕ್ಕೆ ಬೇಕಾದ ಕನ್ನಡ ಬೈಬಲ್ಲು ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಕೋಶಕ್ಕಿಂತ ಅನೇಕ ದಶಕಗಳ ಮೊದಲೇ ಸಿದ್ಧವಾಗಿತ್ತು. ಸಂತೆಯಲ್ಲಿ ನಿಂತು ಉಪದೇಶಮಾಡುವವನಿಗೆ ರೀವ್ ಸಾಹೇಬರ ೧೮೩೨ರ ನಿಘಂಟೇ ಸಾಕಾಗುತ್ತಿತ್ತು. ಅಥಣಿಯ ಸಂತೆಗೆ ಬಂದ ರೈತನನ್ನು ಒಲಿಸಿಕೊಳ್ಳಲಿಕ್ಕೆ ಕೇಶಿರಾಜನ ಸೂತ್ರಗಳೇಕೆ? ಯಾರ ನಾಲಗೆಯ ಮೇಲೂ ಉಳಿಯದ ಱ, ೞ ಅಕ್ಷರಗಳ ಭೇದವನ್ನು ಶಬ್ದಶಬ್ದಕ್ಕೂ ಗುರುತಿಸುವ ತಾಪತ್ರಯವೇಕೆ? ತಮಿಳು, ತೆಲುಗು, ಮಲೆಯಾಳ, ತುಳು ರೂಪಗಳನ್ನು ಪಕ್ಕದಲ್ಲಿ ಜೋಡಿಸುವದೇಕೆ? ಬಲೆಯನ್ನು ನೇಯಲು ಕುಳಿತವನು ನೂಲಿನ ಚರಿತ್ರೆಯನ್ನೇ ಬರೆಯತೊಡಗಿದನೆಂದರೆ, ಆತನಿಗೆ ಬಲೆಗಿಂತ ನೂಲಿನ ಮೇಲೆಯೇ ಮನಸ್ಸು ಕೂತಿತೆಂದು ಹೇಳಬೇಕಾಗುತ್ತದೆ.

ನನ್ನಂತೆ ಪಾಠಶಾಲೆಯಲ್ಲಿ ಅಮರ-ಕೌಮುದಿಗಳನ್ನು ಕಂಠಪಾಠ ಮಾಡಿದವರದು ಬೇರೆಯೇ ಒಂದು ಮುನಿಸು. ಸಂಸ್ಕೃತ ಕೋಶಗಳಲ್ಲಿಯ ನೂರಾರು ಶಬ್ದಗಳು ದ್ರಾವಿಡ ಮೂಲದವೆಂದು ಕಿಟ್ಟೆಲರು ೧೮೭೨ರ ಲೇಖನದಲ್ಲಿಯೂ ಕೋಶದ ಪೀಠಿಕೆಯಲ್ಲಿಯೂ ಪಟ್ಟಿಮಾಡಿದ್ದಾರೆ. 'ದೇವಭಾಷೆಗೆ ಸಾಲ ಹೊರಿಸಿದ ಮ್ಲೇಂಛ' ಎಂದು ಹಿರಿಯರೊಬ್ಬರು ಇದಕ್ಕೆ ಕಿಡಿಕಾರಿದ್ದನ್ನು ನಾನೇ ಕೇಳಿದ್ದೇನೆ. ಅಂಥವರಿಗೆ ಪಾಶ್ಚಾತ್ಯರ ಪ್ರಮಾಣ ಬೇಡ. ಜೈಮಿನಿಯ ಪ್ರಮಾಣವೇ ಸಾಲುವದು. ಪೂರ್ವಮೀಮಾಂಸೆಯ ಮೊದಲನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪಿಕನೇಮಾಧಿಕರಣವೆಂಬದೊಂದುಂಟು. ಪಿಕ, ನೇಮ, ಸತ, ತಾಮರಸ ಎಂಬ ಶಬ್ದಗಳು ವೇದದಲ್ಲಿ ಬಂದಿವೆ, ಆದರೆ ಆರ್ಯರಲ್ಲಿ ಅವುಗಳ ಬಳಕೆಯಿಲ್ಲ, ಮ್ಲೇಂಛರಲ್ಲಿ ಉಂಟು. ಅರ್ಥವನ್ನು ನಿರುಕ್ತ-ವ್ಯಾಕರಣಗಳಿಂದ ಹಿಂಜಿ ತೆಗೆಯಬೇಕೋ, ಮ್ಲೇಂಛರ ಬಳಕೆಯಿಂದಲೇ ಸ್ವೀಕರಿಸಬೇಕೋ? ಮ್ಲೇಂಛರ ಬಳಕೆಯಿಂದಲೇ ಸ್ವೀಕರಿಸತಕ್ಕದ್ದೆಂದು ಶಬರಸ್ವಾಮಿಯು ನಿರ್ಣಯಿಸಿದ್ದಾನೆ. ತಾಮರಸವೆಂದರೆ ಕಮಲ; ನಮ್ಮ ತಾವರೆಯು ಅದರ ಮಗ್ಗುಲಲ್ಲಿಯೇ ಅರಳಿ ನಿಂತಿಲ್ಲವೇ? ಬಲ್ಲವನು ಯಾವ ಕುಲದವನೆಂದು ಕೇಳದೆ ಅರ್ಥವನ್ನು ಪಡೆದ ಪರಂಪರೆ ನಮ್ಮದು. ಕಿಟ್ಟೆಲರ ಪಟ್ಟಿಯಲ್ಲಿ ಕೆಲವು ಶಬ್ದಗಳು ಮುಂದಿನ ಪಂಡಿತರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಕೆಲವು ನಿಂತವು. ಬರ್ರೋ ಮತ್ತು ಎಮಿನೋ ಎಂಬ ವಿದ್ವಾಂಸರ ದ್ರಾವಿಡ ಧಾತುಕೋಶವು (೧೯೬೧) ಆ ಹಾದಿಯಲ್ಲಿಯೇ ಮುಂದುವರಿಯಿತು. ಶಾಸ್ತ್ರವೆಂದರೆ ಹೀಗೆಯೇ ನಡೆಯುವದು; ಮುನಿಸಿನಿಂದಲ್ಲ.

ಇನ್ನು ಗಡಿನಾಡಿನ ಕನ್ನಡಿಗರಾದ ನಮಗೆ ಎಲ್ಲರಿಗಿಂತ ಹತ್ತಿರದ ಸಂಗತಿ. ಕೋಶದ ಪುಟಗಳಲ್ಲಿ ಅನೇಕ ಶಬ್ದಗಳ ಮುಂದೆ ಒಂದು ಚಿಕ್ಕ ಸಂಕೇತವಿದೆ. 'ದಕ್ಷಿಣ ಮರಾಠಾ ದೇಶ'ದಲ್ಲಿ ಬಳಕೆಯಲ್ಲಿರುವದೆಂದು ಅದರ ಅರ್ಥ. ಈ 'ದಕ್ಷಿಣ ಮರಾಠಾ ದೇಶ' ಯಾವದು? ಆಂಗ್ಲ ಸರಕಾರದವರು ಧಾರವಾಡ, ಬೆಳಗಾವಿಗಳನ್ನೂ ಸುತ್ತಲಿನ ಸಂಸ್ಥಾನಗಳನ್ನೂ ಕೂಡಿಸಿ ಕರೆಯುತ್ತಿದ್ದ ಹೆಸರು. ಚಿಕ್ಕೋಡಿ, ಅಥಣಿಗಳು ಇದರೊಳಗೇ. ಕೊಲ್ಹಾಪುರ ಸಂಸ್ಥಾನದಲ್ಲಿದ್ದ ರಾಯಬಾಗವೂ ಇದರ ಮಗ್ಗುಲಲ್ಲಿಯೇ. ಆಳಿದವರ ಹೆಸರನ್ನು ನೆಲಕ್ಕೆ ಕಟ್ಟಿದರು, ಆಡುವವರ ಭಾಷೆಯನ್ನು ಕೇಳಲಿಲ್ಲ. ಇದರಿಂದಲೇ ನಮ್ಮ ಮಕ್ಕಳು ಮರಾಠಿ ಶಾಲೆಗಳಲ್ಲಿ ಕೂಡ್ರಬೇಕಾಯಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು (೧೮೩೪-೧೮೮೧) ಕನ್ನಡ ಶಾಲೆಗಳಿಗಾಗಿ ಜೀವ ತೇಯಬೇಕಾಯಿತು. ಸರಕಾರದ ಕಾಗದದಲ್ಲಿ ಮರಾಠಾ ದೇಶವೆನಿಸಿದ ನೆಲದ ಬಾಯಲ್ಲಿ ಎಂಥ ಕನ್ನಡವಿತ್ತೆಂಬದಕ್ಕೆ ಆ ಸಂಕೇತವಿರುವ ಪ್ರತಿಯೊಂದು ಶಬ್ದವೂ ಸಾಕ್ಷಿ ನುಡಿಯುತ್ತದೆ. ಸಾಕ್ಷಿಯು ಪರಕೀಯ, ಕನ್ನಡದ ಪಕ್ಷ ಹಿಡಿಯುವದರಿಂದ ಮೂರು ಕಾಸಿನ ಲಾಭವಿಲ್ಲದವನು. ನ್ಯಾಯಾಸನದ ಮುಂದೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕೀತೇ? ೧೯೫೬ರ ಪ್ರಾಂತರಚನೆಯಾಯಿತು, ೨೦೨೧ರಲ್ಲಿ 'ಮುಂಬಯಿ ಕರ್ನಾಟಕ'ವೆಂಬ ಹೆಸರು ಹೋಗಿ 'ಕಿತ್ತೂರು ಕರ್ನಾಟಕ'ವೆಂದಾಯಿತು. ನಿಪ್ಪಾಣಿಯ ಬೀದಿಗಳಲ್ಲಿ ಫಲಕದ ಅಕ್ಷರಗಳಿಗಾಗಿ ಹೊಡೆದಾಡುವ ಉಭಯ ಪಕ್ಷದ ತರುಣರಲ್ಲಿ ಆ ಸಂಕೇತವನ್ನು ಕಂಡವರೆಷ್ಟು ಮಂದಿ? ಫಲಕಕ್ಕೆ ಮಸಿ ಬಳಿಯಲು ಒಂದು ರಾತ್ರಿ ಸಾಕು. ಕೋಶ ಓದಲು ಹಗಲು ಬೇಕು.

ಕಿಟ್ಟೆಲರ ಅಭಿಮಾನಿಗಳೊಡನೆಯೂ ನನ್ನದೊಂದು ಜಗಳವುಂಟು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಗಳಿವೆ. ಒಳ್ಳೆಯದೇ. ಆದರೆ ಇಂಥ ಕೋಶವು ಒಬ್ಬನ ಕೈಯಿಂದ ಆಗುವ ಕೆಲಸವೇ? ತಾಳೆಗರಿಗಳನ್ನು ಓದಿ ಹೇಳಿದವರು ಯಾರು, ಹಳಗನ್ನಡದ ಪಾಠ ಬಿಡಿಸಿದವರು ಯಾರು, ಗಾದೆಗಳನ್ನು ಬಾಯಿಂದ ಕೊಟ್ಟವರು ಯಾರು? ನಮ್ಮ ಪಂಡಿತರೇ. ಅವರ ನೆರವನ್ನು ಕಿಟ್ಟೆಲರು ಪೀಠಿಕೆಯಲ್ಲಿ ಸ್ಮರಿಸಿದ್ದಾರೆ. ಮರೆತವರು ಮಾಲೆ ಹಾಕುವ ನಾವು. ಚೀನದ ಅಭಿಜಾತ ಗ್ರಂಥಗಳನ್ನು ೧೮೬೧ರಿಂದ ಇಂಗ್ಲಿಷಿಗೆ ತಂದ ಪಾದ್ರಿ ಜೇಮ್ಸ್ ಲೆಗ್ಗನೊಡನೆ ವಾಂಗ್ ಟಾವ್ ಎಂಬ ಚೀನೀ ಪಂಡಿತನು ದುಡಿದನು. ಸ್ಕಾಟ್ಲೆಂಡಿನ ವರೆಗೂ ಹೋಗಿ ಬಂದನು. ಚೀನದವರು ಆ ವಾಂಗ್ ಟಾವ್‌ನನ್ನು ತಮ್ಮ ಪತ್ರಿಕೋದ್ಯಮದ ಆದ್ಯರಲ್ಲೊಬ್ಬನೆಂದು ಇಂದಿಗೂ ಗೌರವಿಸುತ್ತಾರೆ. ನಮ್ಮ ಪಂಡಿತರಿಗೆ ಒಂದು ಕಲ್ಲಿನ ಮೇಲೆ ನಾಲ್ಕು ಅಕ್ಷರವೂ ಇಲ್ಲ. ಕಿಟ್ಟೆಲರಿಗಿಂತ ಮೊದಲು 'ಜೈಮಿನಿ ಭಾರತ', 'ಬಸವಪುರಾಣ', ದಾಸರ ಪದಗಳನ್ನು ೧೮೪೮ರಿಂದ ೧೮೫೩ರ ವರೆಗೆ ಕಲ್ಲಚ್ಚಿನಲ್ಲಿ ತಂದ ಮೋಗ್ಲಿಂಗರ ಹೆಸರೂ ನಮ್ಮ ಭಾಷಣಗಳಲ್ಲಿ ಅಪರೂಪ.

'ಈಗ ಅದೆಲ್ಲ ಹಳೆಯದಾಯಿತು, ಮರಿಯಪ್ಪ ಭಟ್ಟರು ೧೯೬೮-೭೧ರಲ್ಲಿ ಅದನ್ನು ತಿದ್ದಿ ಬೆಳೆಸಿದ್ದಾರೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ೧೯೯೫ಕ್ಕೆ ಮುಗಿದಿವೆ, ಪಾದ್ರಿಯ ಕೋಶವೇಕೆ?' ಎಂದು ಕೇಳುವವರಿದ್ದಾರೆ. ಆ ಎರಡೂ ಮಹಾಕಾರ್ಯಗಳಿಗೆ ನಮಸ್ಕಾರ. ಆದರೆ ಒಂದೂಕಾಲು ಶತಮಾನದ ಹಿಂದೆ ನಮ್ಮ ಸೀಮೆಯ ಮಾತು ಎಂತಿತ್ತೆಂದು ತಿಳಿಯಬೇಕಾದರೆ ಅಂದಿನ ಸಾಕ್ಷಿಯ ಬಾಯನ್ನೇ ಕೇಳಬೇಕು.

ನಮ್ಮ ಸಂಘದವರಿಗೆ ನನ್ನ ಬೇಡಿಕೆ ಇಷ್ಟೇ. ಬರುವ ಜಯಂತಿಯ ಹೂವಿನ ಖರ್ಚನ್ನು ಉಳಿಸಿ ಕೋಶದ ಎರಡು ಪ್ರತಿಗಳನ್ನು ಕೊಳ್ಳಲಿ; ಬೀಗವಿಲ್ಲದ ಮೇಜಿನ ಮೇಲಿಡಲಿ. ನಮ್ಮ ಸೀಮೆಯ ಸಂಕೇತವುಳ್ಳ ಶಬ್ದಗಳನ್ನು ಅಕಾರದಿಂದ ಹಿಡಿದು ಹಾಳೆಗಿಳಿಸಿ, ಈ ಮಾಸಪತ್ರಿಕೆಯಲ್ಲಿ ತಿಂಗಳಿಗೆ ಎರಡು ಪುಟದಂತೆ ಅಚ್ಚುಹಾಕಲಿ. ನಿಪ್ಪಾಣಿಯ ತಂಬಾಕಿನ ಪೇಟೆಯವರು, ಅಥಣಿಯ ಚಪ್ಪಲಿ ಕೆಲಸದವರು, ರಾಯಬಾಗ-ಕಾಗವಾಡಗಳ ಕಬ್ಬಿನ ಒಕ್ಕಲಿಗರು ಅವುಗಳಲ್ಲಿ ಯಾವವು ತಮ್ಮ ಮನೆಯಲ್ಲಿ ಇನ್ನೂ ಬದುಕಿವೆ, ಯಾವವು ಸತ್ತಿವೆ, ಕೋಶದಲ್ಲಿಲ್ಲದೆ ತಮ್ಮಲ್ಲಿರುವವು ಯಾವವು ಎಂದು ಬರೆದು ತಿಳಿಸಲಿ. ಬೇಸಿಗೆಯ ರಜೆಯಲ್ಲಿ ಎರಡು ಮೂರು ತರುಣ ಶಿಕ್ಷಕರು ಕೈಹಚ್ಚಿದರೆ ಸ್ವರಾಕ್ಷರಗಳ ಭಾಗವು ಮಳೆಗಾಲದೊಳಗೆ ಮುಗಿಯುವದು. ಕಕಾರವು ದೊಡ್ಡದು, ಅದಕ್ಕೆ ದೀಪಾವಳಿಯ ವರೆಗೆ ಅವಕಾಶ ಬೇಕಾದೀತು.