ಜೂನ್ ಒಂದರ ಲೆಕ್ಕ ಉಳಿತಾಯವಲ್ಲ

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ 1994ರಿಂದ ತಂಡಗಳ ವೇತನಕ್ಕೆ ಮಿತಿಯಿದೆ. 2024ರಲ್ಲಿ ಅದು 25 ಕೋಟಿ 54 ಲಕ್ಷ ಡಾಲರ್. ಆಟಗಾರ ಸಹಿ ಹಾಕಿದಾಗ ಕೊಡುವ ಬೋನಸನ್ನು ಲೆಕ್ಕದಲ್ಲಿ ಗರಿಷ್ಠ ಐದು ವರ್ಷಗಳಿಗೆ ಹಂಚಿ ಬರೆಯಬಹುದು.

ಐದು ವರ್ಷಕ್ಕೆ 50 ಲಕ್ಷ ಡಾಲರ್ ಬೋನಸ್ ಪಡೆದವನನ್ನು ಎರಡು ವರ್ಷದ ಬಳಿಕ ಕೈಬಿಟ್ಟರೆ, ಲೆಕ್ಕಕ್ಕೆ ಹಿಡಿಯಬೇಕಾದ 30 ಲಕ್ಷ ಬಾಕಿ ಉಳಿಯುತ್ತದೆ. ಜೂನ್ 1ರೊಳಗೆ ಬಿಟ್ಟರೆ ಅಷ್ಟೂ ಆ ವರ್ಷದ ಖಾತೆಗೆ. ಆಮೇಲಾದರೆ ಆ ವರ್ಷಕ್ಕೆ 10, ಮರುವರ್ಷಕ್ಕೆ 20. ಇದನ್ನು ಜಾಣ ಉಳಿತಾಯವೆಂದು ಹೊಗಳುವವರಿದ್ದಾರೆ. ಬಾಕಿಯಲ್ಲಿ ಒಂದು ಡಾಲರೂ ಕಡಿಮೆಯಾಗಿಲ್ಲವಲ್ಲ!

ಡೆನ್ವರ್ ಬ್ರಾಂಕೋಸ್ ತಂಡ 2024ರ ಮಾರ್ಚ್‌ನಲ್ಲಿ ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಬಂದ ಹೊರೆ ಸುಮಾರು 8.5 ಕೋಟಿ ಡಾಲರ್, ಅಂದರೆ ಆ ವರ್ಷದ ಮಿತಿಯ ಮೂರನೇ ಒಂದು ಪಾಲು. ಅದನ್ನು 2024ಕ್ಕೆ 5.3, 2025ಕ್ಕೆ 3.2 ಕೋಟಿಯೆಂದು ಹಂಚಿದರು. ಕಡಿಮೆ ವೇತನದ ಹೊಸಬ ಬೋ ನಿಕ್ಸ್ ಕೈಹಿಡಿದದ್ದರಿಂದ ತಂಡ ಆ ಋತುವಿನಲ್ಲಿ ಪ್ಲೇಆಫ್ ಮುಟ್ಟಿತು. ಎಲ್ಲ ತಂಡಗಳಿಗೂ ಅಂಥ ಹುಡುಗ ಸಿಗುವುದಿಲ್ಲ.

ಹೀಗೆ ಮಾರ್ಚ್‌ನಲ್ಲೇ ಬಿಟ್ಟು ಜೂನ್ ನಂತರದ ಲೆಕ್ಕ ಹಿಡಿಯುವ ಅವಕಾಶ ತಂಡವೊಂದಕ್ಕೆ ವರ್ಷದಲ್ಲಿ ಇಬ್ಬರು ಆಟಗಾರರಿಗೆ ಮಾತ್ರ. ಮೂರನೆಯವನ ಗತಿಯೇನು? ಲೆಕ್ಕದ ಅನುಕೂಲಕ್ಕಾಗಿ ಆತನನ್ನು ಜೂನ್ ತನಕ ಹಿಡಿದಿಟ್ಟರೆ, ಅಷ್ಟರಲ್ಲಿ ಉಳಿದ ತಂಡಗಳು ಹಣ ಖರ್ಚು ಮಾಡಿ ಜಾಗ ತುಂಬಿಕೊಂಡಿರುತ್ತವೆ. ಈಗಿನ ಒಪ್ಪಂದ 2030ರ ಋತುವಿನವರೆಗಿದೆ. ಮುಂದಿನ ಮಾತುಕತೆಯಲ್ಲಿ ಆಟಗಾರರ ಸಂಘ ಈ ‘ಇಬ್ಬರು’ ಎಂಬ ಕಟ್ಟನ್ನು ತೆಗೆಸಲೇಬೇಕು.